ಓ ಅನ್ನುವ ಹೆಸರು

ನಮ್ಮ ಊರಿನ ಲೈಟ್ ರೈಲು ಹತ್ತುವುದಕ್ಕೆ ಟಿಕೀಟು ಸಾಕು, ಇಳಿಯುವುದಕ್ಕೆ ಹೆಸರು ಬೇಕು. ಹೋಗುವಾಗ ಎಲ್ಲಿ ಬೇಕಾದರೂ ಇಳಿದುಕೊಳ್ಳಬಹುದು, ಯಾರೂ ಕೇಳುವುದಿಲ್ಲ. ಮನೆಯ ಕಡೆಗೆ ಹೊರಳಿದ ಮೇಲೆ ಮಾತ್ರ ನಿಮ್ಮ ನಿಲ್ದಾಣ ಬಿಟ್ಟು ಬೇರೆಲ್ಲೂ ನಿಮಗೆ ಬಾಗಿಲು ತೆರೆಯುವುದಿಲ್ಲ. ನಿಮ್ಮ ನಿಲ್ದಾಣದಲ್ಲೂ ಕಟ್ಟೆಯ ಮೇಲೆ ನಿಂತವರೊಬ್ಬರು ನಿಮ್ಮ ಹೆಸರು ಹಿಡಿದು ಕರೆದರಷ್ಟೇ ತೆರೆಯುತ್ತದೆ. ಕರೆಸಿಕೊಂಡವರ ಬೆನ್ನಿಗೆ ಬಿದ್ದು ನುಸುಳಲಿಕ್ಕೆ ಕೆಲವರು ನೋಡಿದ್ದಾರೆ, ಕಾಲು ಏಳುವುದಿಲ್ಲವಂತೆ. ಯಾಕೆ ಹೀಗೆ ಎಂದು ಹೊಸದಾಗಿ ಬಂದವರು ಕೇಳುತ್ತಾರೆ. ಇದ್ದವರು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು.

ಊರು ಸಮುದ್ರದ ಆಚೆ ದಂಡೆಯ ದೇಶದಲ್ಲಿದೆ. ಹೆಸರು ಹೇಳಿದರೆ ನೀವು ನಕ್ಷೆ ಬಿಡಿಸಿ ಹುಡುಕುತ್ತೀರಿ, ಸಿಗುವುದಿಲ್ಲ, ಆಮೇಲೆ ನನ್ನ ಮೇಲೆ ಸಿಟ್ಟಾಗುತ್ತೀರಿ. ಅದಕ್ಕೇ ಹೇಳುವುದಿಲ್ಲ. ಇಲ್ಲಿನ ಗಾಜಿನ ಕಾರ್ಖಾನೆಗೆ ಒಂದು ಕಾಲಕ್ಕೆ ನಮ್ಮ ಕಡೆಯ ಗಂಡಸರನ್ನು ಕರೆತಂದರು. ಅವರ ಬೆನ್ನಿಗೆ ನಾವು ಹೆಂಗಸರು ರೊಟ್ಟಿ ಹಂಚು ಕಟ್ಟಿಕೊಂಡು ಬಂದು, ನಿಲ್ದಾಣದ ಹಿಂದಿನ ಕೆಂಪು ಇಟ್ಟಿಗೆಯ ಮನೆಗಳಲ್ಲಿ ಸಾಲಾಗಿ ಕೂತೆವು. ಲೈಟ್ ರೈಲು ಎಂದರೆ ದೀಪದ ರೈಲು ಎಂದೇ ನಾನು ತಿಳಿದಿದ್ದೆ. ಅದರ ಕಿಟಕಿಗಳಲ್ಲಿ ಹಗಲೂ ದೀಪ ಉರಿಯುತ್ತಿತ್ತಲ್ಲ. ಲೈಟ್ ಎಂದರೆ ಹಗುರ ಎಂದೂ ಆಗುತ್ತದೆ ಎಂದು ರಾತ್ರಿ ಶಾಲೆಗೆ ಹೋದ ಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ನನಗೆ ಅದು ದೀಪದ ರೈಲೇ.

ಸಂಜೆಯ ಹೊತ್ತಿಗೆ ನಮ್ಮ ಕಟ್ಟೆಯ ಮೇಲೆ ಸಂತೆಯ ಗದ್ದಲ. ಮೂರು ಡಬ್ಬಿಯ ಗಾಡಿ ಬಂದು ನಿಂತು, ಗಂಟೆ ಹೊಡೆದು ಮುಗಿಯುವುದರೊಳಗೆ ಕರೆಯಬೇಕು. ಮಕ್ಕಳು ಅಪ್ಪನ ಹೆಸರು ಹಿಡಿದು ಕೂಗುವುದನ್ನು ಕೇಳಿ ಮೊದಮೊದಲು ನಮಗೆ ಮೈ ಜುಮ್ಮೆನ್ನುತ್ತಿತ್ತು, ಆಮೇಲೆ ರೂಢಿಯಾಯಿತು. ನಮ್ಮ ಓಣಿಯ ಅಂದಾನೆಪ್ಪ ಕಾರ್ಖಾನೆಯಲ್ಲಿ ಆಂಡಿ ಎಂದು ಕರೆಸಿಕೊಳ್ಳುತ್ತಾನೆ. ಆಂಡಿ ಎಂದು ಯಾರು ಎಷ್ಟು ಕೂಗಿದರೂ ಅವನಿಗೆ ಬಾಗಿಲು ತೆರೆಯಲಿಲ್ಲ. ಅವನ ಹೆಂಡತಿ ಶಂಕ್ರೆವ್ವನೇ ಬರಬೇಕಾಯಿತು. ಆಕೆಯೋ, ಗಂಡನ ಹೆಸರನ್ನು ಒಡಪಿನಲ್ಲಿ ಬಿಟ್ಟು ಬೇರೆ ಯಾವ ರೀತಿಯಲ್ಲೂ ಹೇಳಿದವಳಲ್ಲ. "ತಂತಿ ಮ್ಯಾಲ ಗುಬ್ಬಿ, ಹಳಿ ಮ್ಯಾಲ ಮಂಜು, ಅಂದಾನೆಪ್ಪನ ಹೆಸರ ಹೇಳಾಕ ನನಗ್ಯಾಕ ಅಂಜು" ಎಂದು ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡು ಮುಗಿಸುವುದರೊಳಗೆ ಎಷ್ಟೋ ಸಲ ಗಾಡಿ ಹೊರಟೇಬಿಡುತ್ತಿತ್ತು. ಅಂದಾನೆಪ್ಪ ಕಿಟಕಿಯಲ್ಲಿ ಹಣೆ ಹಣೆ ಬಡಿದುಕೊಳ್ಳುತ್ತ ಊರನ್ನು ಇನ್ನೊಂದು ಸುತ್ತು ಹಾಕಿ ಬರುತ್ತಿದ್ದ. ರೊಟ್ಟಿ ಆರಿಹೋಗುತ್ತಿತ್ತು. ಆಕೆ ಮಾತ್ರ ಒಡಪು ಗಿಡ್ಡ ಮಾಡಲಿಲ್ಲ.

ಕರೆಯುವವರಿಲ್ಲದವರಿಗೆ ಡೊಲೊರೆಸ್ ಇದ್ದಳು. ಕಟ್ಟೆ ಗುಡಿಸುವುದು, ಹಿಮ ಬಿದ್ದಾಗ ಉಪ್ಪು ಎರಚುವುದು, ಜೊತೆಗೆ ಕರೆಯುವುದು, ಮೂರೂ ಆಕೆಯ ಕೆಲಸ. ಒಳಗಿನವರು ಪಾಟಿಯ ಮೇಲೆ ಹೆಸರು ಬರೆದು ಗಾಜಿಗೆ ಒತ್ತಿ ಹಿಡಿಯುತ್ತಾರೆ, ಆಕೆ ಓದಿ ಕರೆಯುತ್ತಾಳೆ. ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ರಾತ್ರಿ ಶಾಲೆ ಸೇರಿದ್ದು ಪಾಟಿಯ ಮೇಲೆ ಹೆಸರು ಬರೆಯಲಿಕ್ಕೆ ಬರಲಿ ಎಂದೇ. ಕಲಿಸುವಾಕೆ ನಿನ್ನ ಹೆಸರೇನು ಎಂದು ಕೇಳಿದಾಗ ಬಾಯಿಂದ ತಾನೇ ಹೊರಗೆ ಬಂದದ್ದು ತವರಿನ ಹೆಸರು, ನಿಂಬೆವ್ವ. ಅತ್ತೆ ಮದುವೆಯ ದಿನ ನನಗೆ ಪಾರ್ವತಿ ಎಂದು ಇಟ್ಟಿದ್ದಳು. ಪಾರ್ವತಿ ಎಂದರೆ ಅಂಗಳದಲ್ಲಿ ಯಾರೋ ಬೇರೆಯವರು ನಿಂತಿದ್ದಾರೆ ಅನ್ನಿಸುತ್ತಿತ್ತು ನನಗೆ. ಡೊಲೊರೆಸ್ ನನ್ನನ್ನು "ನಿಂಬಾ" ಎನ್ನುತ್ತಾಳೆ. ಅಷ್ಟಕ್ಕೇ ಬಾಗಿಲು ತೆರೆಯುತ್ತದೆ.

ಎಷ್ಟು ಸುತ್ತು ಬಂದರೂ ಯಾರೂ ಕರೆಯದಿದ್ದವರು ಗಾಡಿಯ ಜೊತೆ ಹೊಳೆಯಾಚೆಯ ಶೆಡ್ಡಿಗೆ ಹೋಗುತ್ತಾರೆ. ಮರುದಿನ ಬೆಳಿಗ್ಗೆ ಅದೇ ಸೀಟಿನಲ್ಲಿ ಕೂತಿರುತ್ತಾರೆ, ಆರೋಗ್ಯವಾಗಿಯೇ ಇರುತ್ತಾರೆ, ಆದರೆ ಆಮೇಲೆ ಯಾವ ಹೆಸರಿಗೂ ತಿರುಗಿ ನೋಡುವುದಿಲ್ಲ. ಹಿಂದಿನ ಡಬ್ಬಿಯಲ್ಲಿ ಟೊಪ್ಪಿಗೆಯ ಮುದುಕನೊಬ್ಬ ಹಾಗೆ ಕೂತಿದ್ದಾನೆ. ಅವನ ತಂಗಿ ಒಂದು ಕಾಲದಲ್ಲಿ ದಿನಾ ಬಂದು ಕರೆಯುತ್ತಿದ್ದಳು. ಈಗ ಆಕೆ ಬರುವುದಿಲ್ಲ. ಅವನು ಮಾತ್ರ ಗಾಡಿಯ ಜೊತೆ ಸುತ್ತುತ್ತಲೇ ಇದ್ದಾನೆ, ಕಣ್ಣು ನೇರ ಮುಂದೆ.

ಇನ್ನು ನನ್ನ ನೆಗೆಣ್ಣಿಯ ಮಾತು. ನನ್ನ ಮೈದುನ ಸಂಗನಬಸಪ್ಪನ ಹೆಂಡತಿ, ನನ್ನ ಗೋಡೆಗೆ ಗೋಡೆ ಹಚ್ಚಿದ ಮನೆ. ಇಡೀ ಓಣಿಗೆ ಆಕೆ ಸರಸ್ವತಿಬಾಯಾರು. ನೆಟ್ಟಗೆ ನಡೆಯುವವಳು, ಇಸ್ತ್ರಿ ಸೀರೆಯವಳು. ಶ್ರಾವಣದ ಪೂಜೆಗೆ ಎಲ್ಲರಿಗಿಂತ ಮುಂದೆ ಆಕೆಯ ಮಣೆ. ಓದಲಿಕ್ಕೆ ಬಾರದು, ಆದರೆ ಅದು ಯಾರಿಗೂ ಗೊತ್ತಾಗದ ಹಾಗೆ ಪಂಚಾಂಗ ಹಿಡಿದುಕೊಂಡು ಕೂಡುವ ಗತ್ತು ಇತ್ತು. ನಾನು ಶಾಲೆಗೆ ಹೊರಟಾಗ, "ಹಲ್ಲ ಬೀಳೂ ಕಾಲಕ್ಕ ಪಾಟಿ ಹಿಡದಾಳ ನಮ್ಮಕ್ಕ. ನಾಳೆ ಗೋಲಿ ಆಡಾಕ ಹೊಕ್ಕಾಳ" ಎಂದು ನಕ್ಕಿದ್ದಳು. ಮೈದುನ ಇರುವವರೆಗೆ ಆಕೆಗೆ ಪಾಟಿಯ ಅಗತ್ಯವಿರಲಿಲ್ಲ. ಆಕೆ ಎಲ್ಲಿಂದ ಬಂದರೂ ಅವನೇ ಬಂದು ಕರೆಯುತ್ತಿದ್ದ, ಅದೂ ಎಲ್ಲರ ಹಾಗಲ್ಲ. ಬಾಗಿಲ ನಡುವಿನ ರಬ್ಬರಿನ ಸಂದಿಗೆ ಬಾಯಿ ಹಚ್ಚಿ ಏನೋ ಉಸುರುತ್ತ ನಿಲ್ಲುತ್ತಿದ್ದ. ಗಂಟೆ ಇನ್ನೇನು ನಿಲ್ಲಬೇಕು, ಬಾಗಿಲು ತೆರೆಯುತ್ತಿತ್ತು. "ಏನಪಾ ಅದು ಅಷ್ಟ ಹೊತ್ತು ಗುಸುಗುಸು" ಎಂದು ಅಂದಾನೆಪ್ಪ ಕಾಡಿದರೆ, "ಗಂಡ ಹೆಂಡರ ಮಾತು, ನಿನಗ್ಯಾಕೋ" ಎಂದು ನಗುತ್ತಿದ್ದ. ಶ್ರಾವಣ ಮುಗಿಯುವ ಹೊತ್ತಿಗೆ ಮೈದುನ ತೀರಿಹೋದ. ಅಂದಿನಿಂದ ಆಕೆ ರೈಲು ಹತ್ತಿರಲಿಲ್ಲ.

ಸಂಕ್ರಮಣ ಹತ್ತಿರ ಬಂತು. ಊರಿನ ಆಚೆ ತುದಿಯ ಅಂಗಡಿಯಲ್ಲಿ ಮಾತ್ರ ಸಜ್ಜಿ ಹಿಟ್ಟು ಸಿಗುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇಲ್ಲದೆ ಹಬ್ಬ ಹೇಗೆ ಎಂದು ಆಕೆ ಬೆಳಿಗ್ಗೆ ಚೀಲ ಹಿಡಿದು ನನ್ನ ಬಾಗಿಲಿಗೆ ಬಂದಳು.

"ಹೋಗಿ ಬರ್ತೇನಿ. ನೀ ಕರೀಬೇಕು ನೋಡು" ಎಂದಳು.

"ಕರೀತೇನಿ ಹೋಗ. ಕರೀಲಾರದ ಎಲ್ಲಿ ಹೊಕ್ಕೇನಿ."

"ಹಂಗಲ್ಲ. ಅವರು ಇರತಿದ್ರು." ಅಷ್ಟು ಹೇಳಿ ಸೆರಗು ಬಿಗಿದುಕೊಂಡಳು. "ನೀ ಕಟ್ಟಿ ಬಿಟ್ಟು ಅಲ್ಲಾಡಬ್ಯಾಡ."

ಮಧ್ಯಾಹ್ನದ ಹೊತ್ತಿಗೆ ಹಿಮ ಶುರುವಾಯಿತು. ನಾನು ಕಟ್ಟೆಯ ಗಾಜಿನ ಗೂಡಿನಲ್ಲಿ, ಗುಂಡಿ ಒತ್ತಿದರೆ ತಲೆಯ ಮೇಲೆ ಕೆಂಪಗೆ ಕಾಯುವ ದೀಪದ ಕೆಳಗೆ ನಿಂತಿದ್ದೆ. ಗಾಡಿ ಬಂತು. ನಡುವಿನ ಡಬ್ಬಿಯ ಕಿಟಕಿಯಲ್ಲಿ ಆಕೆ, ತೊಡೆಯ ಮೇಲೆ ಹಿಟ್ಟಿನ ಚೀಲ. ನನ್ನನ್ನು ನೋಡಿ ನಕ್ಕು ಎದ್ದು ಬಾಗಿಲಿಗೆ ಬಂದು ನಿಂತಳು.

"ಸರಸ್ವತೀ" ಎಂದು ಕರೆದೆ.

ಆಚೆ ಈಚೆಯ ಬಾಗಿಲುಗಳು ತೆರೆದುಕೊಂಡು ಯಾರು ಯಾರೋ ಇಳಿದರು. ಆಕೆ ನಿಂತ ಬಾಗಿಲು ತೆರೆಯಲಿಲ್ಲ. ನನ್ನ ಗಂಟಲು ಸಣ್ಣದಾಯಿತೇನೋ ಎಂದು ಇನ್ನೊಮ್ಮೆ, "ಸರಸ್ವತಿಬಾಯೀ" ಎಂದೆ. ಆಕೆ ಒಳಗಿನಿಂದ ಗಾಜಿಗೆ ಅಂಗೈ ಹಚ್ಚಿದಳು. ಒಳಗಿನ ಮಾತು ಹೊರಗೆ ಕೇಳುವುದಿಲ್ಲ. ತುಟಿ ಮಾತ್ರ ಕಾಣುತ್ತದೆ. ಯಾಕ, ಎನ್ನುತ್ತಿದ್ದಳು. ಗಂಟೆ ನಿಂತಿತು. ಗಾಡಿ ಆಕೆಯ ಅಂಗೈಯನ್ನು ಹೊತ್ತುಕೊಂಡು ಹೋಯಿತು.

ಒಂದು ಸುತ್ತು ತಪ್ಪುವುದು ದೊಡ್ಡದಲ್ಲ. ಆದರೆ ಆಗಲೇ ಕಂಬದ ಮೇಲಿನ ಧ್ವನಿವರ್ಧಕ ಮಾತಾಡಿತು. ಹಿಮಗಾಳಿ ಬರುತ್ತಿದೆ, ತಂತಿಗೆ ಮಂಜು ಕಟ್ಟುತ್ತಿದೆ, ಯಾರನ್ನೂ ಹೊಸದಾಗಿ ಹತ್ತಿಸಿಕೊಳ್ಳುವುದಿಲ್ಲ, ಒಳಗಿದ್ದವರನ್ನು ಇಳಿಸಲಿಕ್ಕೆ ಸ್ವಲ್ಪ ಹೊತ್ತು ಸುತ್ತಿ ಗಾಡಿಗಳು ಶೆಡ್ಡಿಗೆ ಹೋಗುತ್ತವೆ ಎಂದು.

ಡೊಲೊರೆಸ್ ಉಪ್ಪಿನ ಬಕೆಟ್ಟು ಕೆಳಗಿಟ್ಟಳು. "ನಿಂಬಾ, ನೀನು ಸರಿಯಾಗಿಯೇ ಕರೆದೆಯಾ?"

"ನಲವತ್ತು ವರ್ಷದಿಂದ ಅದೇ ಹೆಸರು" ಎಂದೆ.

ಶಂಕ್ರೆವ್ವ ಗಂಡನನ್ನು ಇಳಿಸಿಕೊಂಡು ಹೊರಟವಳು ನಿಂತಳು. ಅಂದಾನೆಪ್ಪನೂ ನಿಂತ. ನಮ್ಮ ಓಣಿಯ ಇನ್ನೂ ಕೆಲವರು ಕೂಡಿದರು. ಗಾಡಿ ಮತ್ತೆ ಬಂದಾಗ ಎಲ್ಲರೂ ಒಂದೇ ಸವನೆ ಕರೆದೆವು. ಸರಸ್ವತಿ, ಸರಸಕ್ಕ, ಸರಸ್ವತಿಬಾಯಾರೇ, ಅತ್ತೇ, ಚಿಗವ್ವ. ಒಳಗೆ ಆಕೆಯ ಪಕ್ಕದಲ್ಲಿ ನಿಂತಿದ್ದ ಯಾರೋ ಕೆಂಚು ಕೂದಲ ಹುಡುಗಿ ಆಕೆಯನ್ನು ಕೇಳಿ ತನ್ನ ಪಾಟಿಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ದೊಡ್ಡದಾಗಿ ಬರೆದು ಗಾಜಿಗೆ ಹಿಡಿದಳು. ನಾನು ಅಕ್ಷರ ಕೂಡಿಸಿ ಓದಿದೆ. ಸರಸ್ವತಿ ಎಂದೇ ಇತ್ತು. ನೆಗೆಣ್ಣಿ ಆ ಪಾಟಿಯ ಕಡೆ ಬೆರಳು ಮಾಡಿ ಹೌದು ಹೌದು ಎಂದು ಗೋಣು ಹಾಕಿದಳು. ಡೊಲೊರೆಸ್ ಓದಿ ಕರೆದಳು. ಬಾಗಿಲು ಅಲ್ಲಾಡಲಿಲ್ಲ. ಗಂಟೆ ಮುಗಿಯುತ್ತ ಬಂದಾಗ ಆಕೆ ಎರಡೂ ಕೈಯಿಂದ ಬಾಗಿಲು ಬಡಿಯುತ್ತಿದ್ದಳು. ಸದ್ದೇ ಇಲ್ಲದ ಬಡಿತ.

"ಹೆಸರು ಹಳೇದಾತೇನೋ" ಎಂದ ಅಂದಾನೆಪ್ಪ. "ಗಂಡ ಹ್ವಾದ ಮ್ಯಾಲ ನಡಿಯಂಗಿಲ್ಲೇನೋ ಅದು."

"ಬಾಯಿ ಮುಚ್ಚರಿ" ಎಂದಳು ಶಂಕ್ರೆವ್ವ. ನನ್ನ ಕಡೆ ತಿರುಗಿ ದನಿ ಇಳಿಸಿದಳು. "ಯಕ್ಕಾ, ಸಂಗನಬಸಪ್ಪಣ್ಣ ಬಾಗಲಕ್ಕ ಬಾಯಿ ಹಚ್ಚಿ ಕರೀತಿದ್ದ. ಸರಸ್ವತಿ ಅನ್ನಾಕ ಮುಚ್ಚುಮರಿ ಯಾಕ ಬೇಕಿತ್ತಬೇ?"

ಉತ್ತರ ನನಗೆ ಗೊತ್ತಿತ್ತು.

ನೆಗೆಣ್ಣಿಯನ್ನು ಮದುವೆಗೆ ಮುಂಚೆ ನೋಡಲಿಕ್ಕೆ ಹೋದಾಗ ಅತ್ತೆಯ ಜೊತೆ ನಾನೂ ಹೋಗಿದ್ದೆ, ಮೊದಲ ಸೊಸೆ ಎಂದು. ಹುಡುಗಿ ಹಿತ್ತಲಲ್ಲಿ ಕುಳ್ಳು ತಟ್ಟುತ್ತಿದ್ದಳು. ಅವಳ ತಾಯಿ ಪಡಸಾಲೆಯಿಂದ "ತಿಪ್ಪೀ" ಎಂದು ಕರೆದಳು. ಆ ಮನೆಯಲ್ಲಿ ಮುಂಚೆ ಹುಟ್ಟಿದ ಕೂಸು ಒಂದೂ ಉಳಿದಿರಲಿಲ್ಲ. ಅಂಥ ಮನೆಯಲ್ಲಿ ಹುಟ್ಟಿದ ಕೂಸನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ, ಇದು ತಿಪ್ಪೆಗೆ ಸೇರಿದ್ದು ಎಂದು ಸಾವಿಗೆ ಸುಳ್ಳು ಹೇಳಿ, ತಿಪ್ಪವ್ವ ಎಂದು ಹೆಸರಿಡುತ್ತಿದ್ದರು. ಸಾವು ಅಸಹ್ಯಪಟ್ಟುಕೊಂಡು ಹೋಗಲಿ ಎಂದು. ಸಾವು ಹೋಯಿತು, ಹೆಸರು ಉಳಿಯಿತು. ಅತ್ತೆ ಆ ಹೆಸರು ಕೇಳಿಯೇ ಮುಖ ಕಿವಿಚಿದ್ದಳು. ಮದುವೆಯ ದಿನವೇ ಸರಸ್ವತಿ ಎಂದು ಇಟ್ಟಳು. ಆ ದಿನ ಅರಿಷಿಣದ ಮೈಯಲ್ಲೇ ಹುಡುಗಿ ನನ್ನನ್ನು ಬಚ್ಚಲ ಮನೆಯ ಮರೆಗೆ ಎಳೆದುಕೊಂಡು ಹೋಗಿ, ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಯಕ್ಕಾ, ಆ ಹೆಸರು ಇಲ್ಲಿಗೆ ಮುಗೀತು. ನಿನ್ನ ಬಾಯಾಗಿಂದ ಅದು ಮತ್ತ ಬರಬಾರದು. ಆಣಿ ಮಾಡು. ಬಂತಂದ್ರ ಅವತ್ತ ನಾ ಸತ್ತಂಗ."

ನಾನು ಆಣೆ ಮಾಡಿದೆ. ತಲೆ ಮುಟ್ಟಿ ಮಾಡಿದ ಆಣೆ ಮುರಿದರೆ ಯಾವ ತಲೆಯೋ ಆ ತಲೆ ಉಳಿಯುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ. ನಗುವವರು ನಗಲಿ. ಸಮುದ್ರ ದಾಟಿ ಬಂದರೂ ಅದು ನನ್ನ ಜೊತೆ ಬಂದಿತ್ತು. ಈಗ ಕಟ್ಟೆಯ ಮೇಲೆ ನಿಂತು ಲೆಕ್ಕ ಹಾಕಿದೆ. ಕರೆದರೆ ಆಕೆಯ ತಲೆ. ಕರೆಯದಿದ್ದರೆ ಶೆಡ್ಡು. ಅದರ ಮೇಲೆ ಆಕೆ ಜೀವಮಾನವಿಡೀ ಇಸ್ತ್ರಿ ಮಾಡಿ ಕಾಪಾಡಿಕೊಂಡ ಮಾನ. ಯಾರೆದುರು ಕಾಪಾಡಿಕೊಂಡಳೋ ಆ ಓಣಿಯ ಜನವೇ ಸುತ್ತ ನಿಂತಿದ್ದರು.

ದೂರದಲ್ಲಿ ತಂತಿ ನೀಲಿ ಕಿಡಿ ಹಾರಿಸಿತು. ಗಾಡಿ ಬಂತು. ನಾನು ಕಟ್ಟೆಯ ಅಂಚಿನ ಹಳದಿ ಗುಬುಟಿನ ಪಟ್ಟಿ ದಾಟಿ ಬಾಗಿಲಿಗೇ ಹೋದೆ. ಮೈದುನ ಬಾಯಿ ಹಚ್ಚುತ್ತಿದ್ದ ಸಂದಿಗೆ ಬಾಯಿ ಹಚ್ಚಿದೆ. ರಬ್ಬರು ತಣ್ಣಗೆ ತುಟಿಗೆ ಅಂಟಿತು.

"ತಿಪ್ಪವ್ವ" ಎಂದು ಉಸುರಿದೆ.

ಗಾಜಿನ ಆಚೆ ಗೇಣು ದೂರದಲ್ಲಿ ಆಕೆಯ ಮುಖ. ಕೇಳಿತು ಆಕೆಗೆ. ಕಣ್ಣು ದೊಡ್ಡವಾದವು. ನಾನು ಕಾದೆ. ಬಾಗಿಲು ತೆರೆಯಲಿಲ್ಲ. ಆಕೆ ಒಂದು ಹೆಜ್ಜೆ ಹಿಂದೆ ಸರಿದಳು, ನನ್ನ ಕೈ ಮೈಮೇಲೆ ಬೀಳುವುದೇನೋ ಎಂಬ ಹಾಗೆ. ಗಂಟೆ ನಿಂತಿತು. ಡೊಲೊರೆಸ್ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆಯದಿದ್ದರೆ ಗಾಡಿ ನನ್ನನ್ನೂ ಎಳೆದುಕೊಂಡು ಹೋಗುತ್ತಿತ್ತು.

ಆಣೆಯೂ ಮುರಿಯಿತು, ಬಾಗಿಲೂ ತೆರೆಯಲಿಲ್ಲ. ನಾನು ಬೆಂಚಿನ ಮೇಲೆ ಕೂತುಬಿಟ್ಟೆ.

"ಏನ ಕರದಿ ಯಕ್ಕಾ?" ಶಂಕ್ರೆವ್ವ ಬಗ್ಗಿ ಕೇಳಿದಳು.

"ಅಲ್ಲದ್ದು" ಎಂದೆ.

ಧ್ವನಿವರ್ಧಕ ಮತ್ತೆ ಕೊರೆಯಿತು. ಇನ್ನು ಬರುವುದೇ ಕೊನೆಯದು. ಜನ ಹೆಸರಿನ ಮೇಲೆ ಹೆಸರು ತೆಗೆಯತೊಡಗಿದರು. ತವರಿನವರು ಏನಂತಿದ್ದರೋ, ಮನೆದೇವರ ಹೆಸರಿತ್ತೋ, ಶಾರದೆ ಎಂದರೆ ಸರಸ್ವತಿಯೇ ಅಲ್ಲವೇ, ಅದನ್ನೂ ಕೂಗಿ ನೋಡೋಣ ಎಂದರು. ಅಂದಾನೆಪ್ಪನಂತೂ ಸಹಸ್ರನಾಮವನ್ನೇ ಶುರು ಮಾಡುವ ಹುಕಿಯಲ್ಲಿದ್ದ. ಡೊಲೊರೆಸ್ ನನ್ನ ಪಕ್ಕದಲ್ಲಿ ಕೂತು ಕೈಗವಸು ತೆಗೆದು ನನ್ನ ಕೈ ತಿಕ್ಕಿದಳು.

"ನಿಂಬಾ, ಅವಳಿಗೆ ಕಿವಿ ಕೇಳುತ್ತದಲ್ಲವೇ?"

ಅದನ್ನೇ ನನ್ನ ಅತ್ತೆಯೂ ಕೇಳಿದ್ದಳು.

ಆ ಪಡಸಾಲೆ ಕಣ್ಣ ಮುಂದೆ ಬಂತು. ತಾಯಿ ತಿಪ್ಪೀ ಎಂದಳು, ಹುಡುಗಿ ಕುಳ್ಳು ತಟ್ಟುತ್ತಲೇ ಇದ್ದಳು. ಇನ್ನೊಮ್ಮೆ ಕರೆದಳು. ಹುಡುಗಿ ತಲೆ ಎತ್ತಲಿಲ್ಲ. ಅತ್ತೆ ನನ್ನ ಮಗ್ಗುಲಿಗೆ ತಿವಿದು, "ಹುಡುಗಿಗೆ ಕಿವಿ ಕೇಳತಾವಿಲ್ಲ?" ಎಂದು ತಾಯಿಗೇ ಕೇಳುವ ಹಾಗೆ ಅಂದಳು. ತಾಯಿ ನಕ್ಕು ಏನೋ ಹೇಳಿದ್ದಳು. ನನ್ನ ಲಕ್ಷ್ಯ ಆಗ ಹುಡುಗಿಯ ಜಡೆಯ ಮೇಲಿತ್ತು, ಅಷ್ಟು ಉದ್ದ ಜಡೆ ನಾನು ನೋಡಿರಲಿಲ್ಲ. ಏನು ಹೇಳಿದ್ದಳು? ಕೂತಲ್ಲೇ ಕಣ್ಣು ಮುಚ್ಚಿದೆ. ಹಿಮ ಮುಖಕ್ಕೆ ಬೀಳುತ್ತಿತ್ತು. ಅವಸರ ಮಾಡಿದರೆ ನೆನಪು ಹಿಂದೆ ಸರಿಯುತ್ತದೆ. ಶಾಲೆಯಲ್ಲಿ ಅಕ್ಷರ ನೆನಪಾಗದಿದ್ದಾಗ ಮಾಡುವ ಹಾಗೆ ಸುಮ್ಮನೆ ಕೂತೆ, ಅದೇ ಬರಲಿ ಎಂದು. ಮೊದಲು ಹಿತ್ತಲ ಸಗಣಿಯ ವಾಸನೆ ಬಂತು. ಆಮೇಲೆ ತಾಯಿಯ ದನಿ.

"ಕೇಳತಾವ ಬೀಗತಿ, ಚಲೋ ಕೇಳತಾವ. ಮೂರನೇದಕ್ಕ ಓ ಅಂತಾಳ ನೋಡ. ನಾನ ಕಲಿಸೇನಿ. ಮೊದಲಿನ ಕೂಗು ಜವರಾಯಂದು, ಎರಡನೇದು ಗಾಳೀದು. ಮೂರನೇದು ಹಡದಾಕೀದು."

ಎಷ್ಟೋ ಕೂಸು ಕಳೆದುಕೊಂಡ ತಾಯಿ ಉಳಿದ ಒಂದಕ್ಕೆ ಮಾತಿಗಿಂತ ಮುಂಚೆ ಕಲಿಸಿದ ಪಾಠ. ಅದಕ್ಕೇ ಮೈದುನ ಬಾಗಿಲಿಗೆ ಬಾಯಿ ಹಚ್ಚಿ ಅಷ್ಟು ಹೊತ್ತು ನಿಲ್ಲುತ್ತಿದ್ದದ್ದು. ನಾವೋ, ಒಂದು ಹೆಸರು ತೆರೆಯದಿದ್ದರೆ ಇನ್ನೊಂದು, ಅದೂ ಇಲ್ಲದಿದ್ದರೆ ಮತ್ತೊಂದು ಎಂದು ಬೀಗದ ಕೈ ಗೊಂಚಲು ಹಿಡಿದವರ ಹಾಗೆ ಬದಲಿಸುತ್ತಲೇ ಇದ್ದೆವು.

ಗಾಡಿ ಮೆಲ್ಲಗೆ ಬಂತು, ಚಾವಣಿಯ ಮೇಲೆ ಹಿಮ ಹೊತ್ತುಕೊಂಡು. ಒಳಗೆ ಜನವೇ ಇರಲಿಲ್ಲ. ಕೆಂಚು ಕೂದಲಿನ ಹುಡುಗಿಯೂ ಎಲ್ಲೋ ಇಳಿದಿದ್ದಳು. ಹಿಂದಿನ ಡಬ್ಬಿಯಲ್ಲಿ ಟೊಪ್ಪಿಗೆಯ ಮುದುಕ. ನಡುವಿನ ಡಬ್ಬಿಯಲ್ಲಿ ನನ್ನ ನೆಗೆಣ್ಣಿ. ಬಾಗಿಲಿಗೆ ಬಂದಿರಲಿಲ್ಲ ಆಕೆ. ಸೀಟಿನಲ್ಲಿ ಕೂತಿದ್ದಳು, ಚೀಲ ತೊಡೆಯಿಂದ ಜಾರಿ ಕೆಳಗೆ ಬಿದ್ದಿತ್ತು, ಎತ್ತಿಕೊಂಡಿರಲಿಲ್ಲ. ಕಟ್ಟೆಯ ಕಡೆ ನೋಡಲಿಲ್ಲ. ಕಣ್ಣು ನೇರ ಮುಂದೆ. ಆ ಮುದುಕನ ಹಾಗೆಯೇ. ಶೆಡ್ಡು ಮುಟ್ಟುವುದಕ್ಕಿಂತ ಮೊದಲೇ ಶುರುವಾಗಿತ್ತು ಅದು.

ಇಷ್ಟು ದೂರ ಕೂತವಳಿಗೆ ಸಂದಿಯಲ್ಲಿ ಉಸುರಿದರೆ ಮುಟ್ಟುವುದಿಲ್ಲ. ಕೂಗಬೇಕು. ಓಣಿಯವರೆಲ್ಲ ಇದ್ದರು. ಇರಲಿ ಎಂದೆ.

"ತಿಪ್ಪೀ."

ಅಂದಾನೆಪ್ಪ, "ತಿಪ್ಪಿ? ತಿಪ್ಪಿ ಅಂದ್ರ ನಮ್ಮ ಕಡೆ..." ಎಂದು ಶುರು ಮಾಡಿದವನು ಹೆಂಡತಿಯ ಮೊಣಕೈ ತಗುಲಿ ಸುಮ್ಮನಾದ. ಗಾಜಿನ ಆಚೆ ಏನೂ ಅಲ್ಲಾಡಲಿಲ್ಲ.

"ತಿಪ್ಪೀ."

ಗಂಟೆ ಶುರುವಾಗಿತ್ತು. ಆಕೆಯ ಬೆರಳು ಸೆರಗಿನ ಅಂಚನ್ನು ಹುಡುಕಿದ ಹಾಗೆ ಕಂಡಿತು. ಕಣ್ಣು ಮಾತ್ರ ಹೊರಳಲಿಲ್ಲ.

"ಇದೂ ಅಲ್ಲಬೇ ಯಕ್ಕಾ" ಶಂಕ್ರೆವ್ವ ನನ್ನ ಸೆರಗು ಜಗ್ಗಿದಳು, ಅಳುತ್ತಿದ್ದಳು. "ಬ್ಯಾರೇದು ಕರಿ. ಲಗೂನ ಬ್ಯಾರೇದು ಕರಿ."

ಬೇರೆಯದು ಕರೆಯಲಿಲ್ಲ. ಉಸಿರು ಎಳೆದುಕೊಂಡೆ. ಪಡಸಾಲೆಯ ಹೊಸ್ತಿಲಲ್ಲಿ ನಿಂತು, ಹಿಟ್ಟಿನ ಕೈ ಬಾಯಿಗೆ ಅಡ್ಡ ಹಿಡಿದು ಆ ತಾಯಿ ಕೂಗಿದ, ಮೊದಲು ಮೇಲೇರಿ ಆಮೇಲೆ ಮೆಲ್ಲಗೆ ಇಳಿಯುವ ಆ ಕೂಗು ನನ್ನ ಕಿವಿಯಲ್ಲಿ ಹೇಗಿತ್ತೋ ಹಾಗೆಯೇ ಬಿಟ್ಟೆ.

"ತಿಪ್ಪೀ..."

ಗಂಟೆ ನಿಂತಿತು. ಗಾಲಿ ಒಂದು ಕೂದಲೆಳೆಯಷ್ಟು ಅಲುಗಿತು. ಒಳಗೆ ಆಕೆಯ ತಲೆ ಹೊರಳಿತು. ಬಾಯಿ ದುಂಡಗಾಯಿತು. ಆ ದುಂಡು ಏನೆಂದು ಗಾಜಿನಾಚೆಯಿಂದಲೂ ನಾನು ಓದಬಲ್ಲವಳಾಗಿದ್ದೆ. ಅಕ್ಷರ ಕಲಿಯದಿದ್ದರೂ ಓದುತ್ತಿದ್ದೆ. ಗಾಡಿ ತಡೆದು ನಿಂತಿತು, ಬಾಗಿಲು ತೆರೆಯಿತು.

ಆಕೆ ಚೀಲ ಎತ್ತಿಕೊಂಡು ಇಳಿದಳು. ಹಿಟ್ಟು ಒಂದು ಗೆರೆಯಾಗಿ ಸೋರುತ್ತಿತ್ತು. ಜನ ದಾರಿ ಬಿಟ್ಟರು. ನನ್ನ ಮುಂದೆ ಬಂದು ನಿಂತು, ನನ್ನ ಮುಖ ನೋಡದೆ, "ಎಲ್ಲಾರ ಮುಂದ ಕರದಿ" ಎಂದಳು. ಆಮೇಲೆ ನೆಟ್ಟಗೆ, ಯಾವತ್ತಿನ ಹಾಗೆಯೇ ನೆಟ್ಟಗೆ, ಹಿಮದಲ್ಲಿ ನಡೆದು ಹೋದಳು. ಆಕೆಯ ಬಾಗಿಲು ಹಾಕಿಕೊಂಡ ಸದ್ದು ಕಟ್ಟೆಯವರೆಗೆ ಕೇಳಿತು.

ಡೊಲೊರೆಸ್ ಒಬ್ಬಳೇ ಹಿಗ್ಗಿದ್ದಳು. "ಟಿಪ್ಪಿ" ಎಂದು ನಾಲಿಗೆಯ ಮೇಲೆ ಹೊರಳಿಸಿ ನೋಡಿದಳು. "ಟಿಪ್ಪಿ. ಎಷ್ಟು ಮುದ್ದಾದ ಹೆಸರು. ನನ್ನ ಅಜ್ಜಿಯ ತಂಗಿ ಒಬ್ಬಳಿದ್ದಳು ಟಿಪ್ಪಿ ಎಂದು, ಊರಿಗೇ ಚೆಲುವೆ. ಇಂಥ ಹೆಸರಿಟ್ಟುಕೊಂಡು ಆ ಉದ್ದದ್ದನ್ನು ಯಾಕೆ ಹೊತ್ತು ತಿರುಗುತ್ತಿದ್ದಳು ಅವಳು?"

ಅಂದಾನೆಪ್ಪ ಬಾಯಿ ತೆರೆದ. ಶಂಕ್ರೆವ್ವ ಅವನನ್ನು ನೋಡಿದಳು. ಅವನು ಬಾಯಿ ಮುಚ್ಚಿದ. ಆ ಹೆಸರಿನ ಅರ್ಥವನ್ನು ಡೊಲೊರೆಸ್‌ಗೆ ಇವತ್ತಿನವರೆಗೆ ನಮ್ಮ ಓಣಿಯ ಯಾರೂ ಹೇಳಿಲ್ಲ.

ಹಿಮಗಾಳಿ ಬಂದು ಹೋಯಿತು. ಆಕೆ ಬಾಗಿಲು ತೆಗೆಯಲಿಲ್ಲ. ಗೋಡೆಗೆ ಕಿವಿ ಹಚ್ಚಿದರೆ ಪಾತ್ರೆ ಇಡುವ ಸದ್ದು, ಕೆಮ್ಮು ಕೇಳುತ್ತಿತ್ತು. ಪ್ರತಿ ಸಲ ಕೆಮ್ಮು ಕೇಳಿದಾಗ ನಾನು ಆಣೆಯನ್ನು ನೆನೆದು ಉಸಿರು ಹಿಡಿಯುತ್ತಿದ್ದೆ, ಮತ್ತೆ ಪಾತ್ರೆಯ ಸದ್ದು ಕೇಳಿದ ಮೇಲೆ ಬಿಡುತ್ತಿದ್ದೆ. ಶಂಕ್ರೆವ್ವ ಹೋಗಿ ಸರಸ್ವತಿಬಾಯಾರೇ ಎಂದು ಕರೆದು ಬಂದಳು. ಪೂಜೆಯ ಹೆಂಗಸರು ಹೋಗಿ ಬಂದರು. ಬಾಗಿಲು ಹಾಕಿದ್ದು ಹಾಕಿದ ಹಾಗೇ ಇತ್ತು. ನಾನು ಹೋಗಲಿಲ್ಲ. ಕರೆಯುವ ಬಾಯಿ ನನ್ನದಲ್ಲವೇ, ಯಾವ ಹೆಸರು ತೆಗೆಯಲಿ?

ಸಂಕ್ರಮಣದ ಬೆಳಿಗ್ಗೆ ಎದ್ದು, ಬಟ್ಟಲಿಗೆ ಕುಸರೆಳ್ಳು ಹಾಕಿಕೊಂಡು, ಆಕೆಯ ಬಾಗಿಲ ಮುಂದೆ ನಿಂತೆ. ಎಳ್ಳು ಬೆಲ್ಲ ಕೊಟ್ಟು ಒಳ್ಳೆಯ ಮಾತಾಡುವ ದಿನ. ಇಡೀ ಓಣಿಯ ಬಾಗಿಲುಗಳಲ್ಲಿ ಜನ ಬಟ್ಟಲು ಹಿಡಿದು ಓಡಾಡುತ್ತಿದ್ದರು.

"ತಿಪ್ಪೀ" ಎಂದೆ, ಮೆಲ್ಲಗೆ.

ಒಳಗಿನ ಸದ್ದು ನಿಂತಿತು. ಕಾದೆ.

"ತಿಪ್ಪೀ."

ಎದುರು ಮನೆಯ ಮೆಟ್ಟಿಲ ಮೇಲಿಂದ ಶಂಕ್ರೆವ್ವ, "ಬಾರಬೇ ಯಕ್ಕಾ, ಆಕಿ ತಗಿಯಂಗಿಲ್ಲ. ಥಂಡ್ಯಾಗ ಯಾಕ ನಿಂತಿ" ಎಂದಳು. ನಾನು ಅಲ್ಲಾಡಲಿಲ್ಲ. ಬಾಗಿಲ ಅಡಿಯ ಸಂದಿಯಿಂದ ಬಿಸಿ ಬರುತ್ತಿತ್ತು, ಅದರ ಜೊತೆ ಹಂಚಿನ ಮೇಲೆ ಸಿಡಿಯುವ ಎಳ್ಳಿನ ವಾಸನೆ, ಸಜ್ಜಿ ರೊಟ್ಟಿ ಬೇಯುವ ವಾಸನೆ. ಒಂದೇ ಹೆಂಗಸಿಗೆ ಆಗುವಷ್ಟು ರೊಟ್ಟಿಯ ವಾಸನೆ ಅಲ್ಲ ಅದು. ಬಟ್ಟಲನ್ನು ಎಡಗೈಗೆ ದಾಟಿಸಿ, ಬಲಗೈ ಬಾಯಿಗೆ ಅಡ್ಡ ಹಿಡಿದು, ಮೂರನೆಯ ಸಲ ಕರೆದೆ.

"ಓ" ಎಂದಳು ಒಳಗಿನಿಂದ.